ಹಳೆಯ ಕಾರಿಗೆ ದಪ್ಪ ಆಯಿಲ್ ಬೇಕೇ?

ಹದಿನೈದು ವರ್ಷ ದಾಟಿದ ಕಾರನ್ನು ಸರ್ವೀಸಿಗೆ ಬಿಡುವವರು ಒಂದಲ್ಲ ಒಂದು ಸಲ ಈ ಮಾತು ಕೇಳಿಯೇ ಇರುತ್ತಾರೆ: “ಗಾಡಿ ಹಳೇದಾಯ್ತಲ್ಲ ಸಾರ್, ಈ ಸಲ ಸ್ವಲ್ಪ ದಪ್ಪ ಆಯಿಲ್ ಹಾಕಿಬಿಡೋಣ.” ಹಾಗೆ ಹೇಳುವ ಮೆಕ್ಯಾನಿಕ್‌ಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಎಂಜಿನ್ ಸವೆದಿರುತ್ತದೆ, ಒಳಗಿನ ಸಂದುಗಳು ಹಿಗ್ಗಿರುತ್ತವೆ, ದಪ್ಪ ಆಯಿಲ್ ಆ ಸಂದನ್ನು ತುಂಬುತ್ತದೆ, ಸದ್ದು ಇಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ ಎಂಬುದು ಗುರುವಿನಿಂದ ಶಿಷ್ಯನಿಗೆ ಬಂದ ಗ್ಯಾರೇಜಿನ ತಿಳಿವಳಿಕೆ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಕಾರಿಗೆ ಎಷ್ಟು ವರ್ಷವಾಯಿತು ಎಂಬುದೂ ಎಂಜಿನ್ ಎಷ್ಟು ಸವೆದಿದೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಆರ್‌ಸಿಯಲ್ಲಿದೆ; ಎರಡನೆಯದನ್ನು ಅಳೆದೇ ತಿಳಿಯಬೇಕು. ಅಳೆಯದೆ ಆಯಿಲ್ ದಪ್ಪ ಮಾಡುತ್ತಾ ಹೋಗುವುದು ತಪ್ಪು ಎಂಬುದೇ ನನ್ನ ವಾದ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಾರನ್ನೇ ಹಿಡಿದುಕೊಳ್ಳೋಣ. ಮಾರುತಿ 800. 1983ರ ಕೊನೆಯಲ್ಲಿ ಬಂದದ್ದು, 2014ರ ಜನವರಿಯಲ್ಲಿ ತಯಾರಿಕೆ ನಿಂತದ್ದು. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಹೊಗೆ ನಿಯಮ ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಇದ್ದುದರಿಂದ ಇಲ್ಲಿ ಅದರ ಮಾರಾಟ ಆಗಲೇ ನಿಂತಿತ್ತು. ಹಾಗಾಗಿ ಬೆಂಗಳೂರಿನಲ್ಲಿ ಹೊಸದಾಗಿ ಕೊಂಡ 800 ಯಾವುದೇ ಇರಲಿ, ಅದಕ್ಕೆ ಹದಿನೈದು ವರ್ಷ ತುಂಬಿದೆ. ಮೂರು ಸಿಲಿಂಡರು, 796 ಸಿಸಿ, ಸುಮಾರು ಮೂರು ಲೀಟರ್ ಆಯಿಲ್ ಹಿಡಿಯುವ ಪುಟ್ಟ ಚೇಂಬರ್. ಸರಳ ಎಂಜಿನ್, ತಾಳಿಕೊಳ್ಳುವ ಎಂಜಿನ್. ಇಷ್ಟು ಕಡಿಮೆ ಆಯಿಲ್ ಇಟ್ಟುಕೊಂಡು ದುಡಿಯುವ ಎಂಜಿನ್ನಿಗೆ ಆ ಮೂರು ಲೀಟರಿನ ಗುಣವೇ ಆಯುಷ್ಯ.

ಡಬ್ಬಿಯ ಮೇಲಿನ ಅಂಕಿಗಳಿಂದ ಶುರುಮಾಡಬೇಕು. 20ಡಬ್ಲ್ಯು-40 ಎಂದು ಬರೆದಿರುತ್ತದೆ. ಅನೇಕರು ಇದನ್ನು “ತಣ್ಣಗಿದ್ದಾಗ 20ರಷ್ಟು ತೆಳು, ಬಿಸಿಯಾದಾಗ 40ರಷ್ಟು ದಪ್ಪ” ಎಂದು ಓದುತ್ತಾರೆ. ಬಿಸಿಯಾದರೆ ದಪ್ಪವಾಗುವ ಎಣ್ಣೆ ಲೋಕದಲ್ಲಿ ಇಲ್ಲ. ಚಳಿಗಾಲದ ಬೆಳಗ್ಗೆ ಡಬ್ಬಿಯಿಂದ ಬೀಳಲೊಲ್ಲದ ಜೋನಿಬೆಲ್ಲ ಒಲೆಯ ಮೇಲೆ ನೀರಾಗುತ್ತದಲ್ಲ, ಎಲ್ಲ ಎಂಜಿನ್ ಆಯಿಲ್‌ಗಳ ಸ್ವಭಾವವೂ ಅದೇ. ಈ ಎರಡು ಅಂಕಿಗಳು ಎರಡು ಬೇರೆ ಪರೀಕ್ಷೆಗಳ ಫಲಿತಾಂಶ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಆಯಿಲ್‌ಗಳನ್ನು ದಪ್ಪದ ಮೇಲೆ ವಿಂಗಡಿಸಲು ಆರಂಭಿಸಿತು; ಇಂದು ಜಗತ್ತೆಲ್ಲ ಅನುಸರಿಸುವುದು ಅದರ ಜೆ300 ಎಂಬ ಮಾನದಂಡವನ್ನು. ಡಬ್ಲ್ಯು ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ, ಕೊರೆಯುವ ಚಳಿಯಲ್ಲಿ ಎಂಜಿನ್ ತಿರುಗಲು ಆಯಿಲ್ ಎಷ್ಟು ಅಡ್ಡಿ ಮಾಡುತ್ತದೆ ಎಂಬುದರ ಗುರುತು. 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ. ಎರಡನೆಯ ಅಂಕಿ ನೀರು ಕುದಿಯುವ 100 ಡಿಗ್ರಿಯಲ್ಲಿ ಉಳಿಯುವ ದಪ್ಪದ್ದು. ಅಲ್ಲಿ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿದ್ದರೆ ಅದು 30, ಅಲ್ಲಿಂದ 16.3ರವರೆಗೆ 40, ಅದಕ್ಕೂ ಮೇಲೆ 21.9ರವರೆಗೆ 50.

ಅಂಕಿಗಳು ಒಣದಾಗಿ ಕಂಡರೂ ಒಂದು ಹೋಲಿಕೆಗೆ ಅವು ಬೇಕು. ಮಾರುಕಟ್ಟೆಯಲ್ಲಿ ಸಿಗುವ 20ಡಬ್ಲ್ಯು-50 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 160 ಸೆಂಟಿಸ್ಟೋಕ್ಸ್ ಇರುತ್ತದೆ, 100ಕ್ಕೆ ಬಂದಾಗ 18ರ ಆಸುಪಾಸಿಗೆ ಇಳಿದಿರುತ್ತದೆ. 5ಡಬ್ಲ್ಯು-30 ಸುಮಾರು 65ರಿಂದ 11ಕ್ಕೆ ಇಳಿಯುತ್ತದೆ. ಅಂದರೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡುವಾಗ ಅತಿ ತೆಳು ಎನಿಸಿಕೊಂಡ ಆಯಿಲ್ ಕೂಡ, ಎಂಜಿನ್ ಕಾದಾಗ ಇರಬೇಕಾದ ದಪ್ಪಕ್ಕಿಂತ ಹಲವು ಪಟ್ಟು ದಪ್ಪವಾಗಿಯೇ ಇರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ದಪ್ಪ ಸಾಲದೆ ಯಾವ ಎಂಜಿನ್ನೂ ಸವೆಯುವುದಿಲ್ಲ. ಅದು ಕ್ಯಾಮ್‌ಶಾಫ್ಟ್‌ವರೆಗೆ ತಲುಪುವುದು ತಡವಾಗಿ ಸವೆಯುತ್ತದೆ.

ಇದನ್ನು ನಮ್ಮ ಹವೆಯ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಮೈನಸ್ 15ರಲ್ಲಿ ಪಾಸಾದ 20ಡಬ್ಲ್ಯು ಆಯಿಲ್ ಇಲ್ಲಿ ಸ್ಟಾರ್ಟಿಂಗ್‌ಗೆ ತೊಂದರೆ ಕೊಡುವ ಪ್ರಶ್ನೆಯೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೂ ಇದೇ ಮಾತು. ಆದ್ದರಿಂದ 0ಡಬ್ಲ್ಯು ಹಾಕಿದರೆ ಹಳೆಯ ಕಾರಿಗೆ ದೊಡ್ಡ ಲಾಭ ಎಂದು ಯಾರಾದರೂ ಹೇಳಿದರೆ ಆ ಲಾಭ ಹಿಮಾಚಲದ ಲಾಹೌಲ್ ಕಣಿವೆಯವರಿಗೆ, ಹಾಸನದವರಿಗಲ್ಲ. 20ಡಬ್ಲ್ಯುವಿನಿಂದ 15 ಅಥವಾ 10ಡಬ್ಲ್ಯುವಿಗೆ ಬಂದರೆ ಬೆಳಗಿನ ಮೊದಲ ಸೆಕೆಂಡುಗಳಲ್ಲಿ ಆಯಿಲ್ ತುಸು ಬೇಗ ಮೇಲೇರುತ್ತದೆ, ಅಷ್ಟೆ. ಅದು ಒಳ್ಳೆಯದೇ, ಆದರೆ ಜೀವನ್ಮರಣದ ವಿಷಯವಲ್ಲ.

ನಮಗೆ ಮುಖ್ಯವಾದದ್ದು ಎರಡನೆಯ ಅಂಕಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನಾಲ್ಕು ಜನ ಕೂತು ಹೆದ್ದಾರಿಯಲ್ಲಿ ಎಳೆಸಿಕೊಂಡು ಹೋದರೆ ಚೇಂಬರಿನ ಆಯಿಲ್ 100 ಡಿಗ್ರಿಯನ್ನು ಆರಾಮಾಗಿ ದಾಟುತ್ತದೆ. ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನ ಒಳಗೆ, ಲೋಹಕ್ಕೂ ಲೋಹಕ್ಕೂ ನಡುವಿನ ಆ ಕಿರಿದಾದ ಸಂದಿನಲ್ಲಿ ಬಿಸಿ ಇನ್ನೂ ಹೆಚ್ಚು. ಅದಕ್ಕೆಂದೇ 150 ಡಿಗ್ರಿಯಲ್ಲಿ, ರಭಸದ ತಿರುಗಾಟದಲ್ಲಿ ಆಯಿಲ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಮತ್ತೊಂದು ಪರೀಕ್ಷೆ ಇದೆ. ಅದರಲ್ಲಿ 30 ದರ್ಜೆಯ ಆಯಿಲ್ ಕನಿಷ್ಠ 2.9 ಅಂಕ ಪಡೆದರೆ ಸಾಕು. 10ಡಬ್ಲ್ಯು-40 ಆದರೆ 3.5, 15ಡಬ್ಲ್ಯು-40 ಮತ್ತು 20ಡಬ್ಲ್ಯು-40 ಆದರೆ 3.7. ಗಮನಿಸಬೇಕಾದ ಸಂಗತಿ ಇಲ್ಲಿದೆ. 20ಡಬ್ಲ್ಯು-50ಕ್ಕೂ ಕನಿಷ್ಠ ಮಿತಿ ಅದೇ 3.7. 15ಡಬ್ಲ್ಯು-40 ಹಾಕಿದವರ ಎಂಜಿನ್‌ಗೆ ಬಿಸಿಯಲ್ಲಿ ರಕ್ಷಣೆ ಇಲ್ಲ ಎಂಬ ಹೆದರಿಕೆಗೆ ಆಧಾರ ಇಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಕಾರಿನ ಜೊತೆ ಬಂದ ಕೈಪಿಡಿಯನ್ನು ಮೊದಲು ಹುಡುಕಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದಗಳ ಕೆಳಗೆ ಎಲ್ಲೋ ಇರುತ್ತದೆ. ಆ ಕಾಲದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದೇ ದರ್ಜೆ ಬರೆದಿರುವುದಿಲ್ಲ. ಹೊರಗಿನ ತಾಪಮಾನಕ್ಕೆ ತಕ್ಕಂತೆ ಹಲವು ದರ್ಜೆಗಳ ಪಟ್ಟಿಯೇ ಇರುತ್ತದೆ. ಎಂಜಿನ್ ವಿನ್ಯಾಸ ಮಾಡಿದವರೇ ಬೇರಿಂಗಿನ ಸಂದು ಎಷ್ಟು, ಪಂಪಿನ ತಾಕತ್ತು ಎಷ್ಟು ಎಂದು ತಿಳಿದು ಕೊಟ್ಟ ಪಟ್ಟಿ ಅದು. ನಮ್ಮ ಊರಿನ ಬಿಸಿಗೆ ಆ ಪಟ್ಟಿಯೊಳಗೇ ಜಾಗ ಇದೆ. ಮಾರುತಿ 800, ಹಳೆಯ ಝೆನ್, ಎಸ್ಟೀಮ್‌ನಂಥ ಕಾರುಗಳಿಗೆ ಕರ್ನಾಟಕದ ಯಾವ ಮೂಲೆಯಲ್ಲಾದರೂ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ನೆಮ್ಮದಿಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. 10ಡಬ್ಲ್ಯು-40 ಸುಲಭವಾಗಿ ಸಿಕ್ಕರೆ ಅದೂ ಆಗುತ್ತದೆ.

ಈಗ ದಪ್ಪ ಆಯಿಲ್ ಏನು ಮಾಡುತ್ತದೆ ನೋಡೋಣ. ಆಯಿಲ್ ಪಂಪು ಒಂದು ಸುತ್ತಿಗೆ ಇಷ್ಟು ಎಂದು ಆಯಿಲನ್ನು ತಳ್ಳುತ್ತದೆ. ಆಯಿಲ್ ದಪ್ಪವಾದಷ್ಟೂ ಕೊಳವೆಗಳಲ್ಲಿ ಅದರ ಹರಿವಿಗೆ ತಡೆ ಹೆಚ್ಚು. ಆ ತಡೆಯೇ ಮೀಟರಿನಲ್ಲಿ ಒತ್ತಡವಾಗಿ ಕಾಣುತ್ತದೆ. ಒತ್ತಡ ಹೆಚ್ಚಿದೆ ಎಂದು ನಾವು ಖುಷಿಪಡುತ್ತೇವೆ. ಆದರೆ ಮಿತಿ ಮೀರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು, ಬೇರಿಂಗಿಗೂ ಕ್ಯಾಮ್‌ಶಾಫ್ಟಿಗೂ ಹೋಗಬೇಕಿದ್ದ ಆಯಿಲಿನಲ್ಲಿ ಒಂದು ಪಾಲನ್ನು ಚೇಂಬರಿಗೇ ವಾಪಸು ಸುರಿಯುತ್ತದೆ. ಬೇರಿಂಗನ್ನು ಕಾಯುವುದು ಮೀಟರಿನಲ್ಲಿ ಕಾಣುವ ಒತ್ತಡವಲ್ಲ, ಶಾಫ್ಟ್ ತಿರುಗುವಾಗ ತನ್ನ ಕೆಳಗೆ ತಾನೇ ಎಳೆದುಕೊಳ್ಳುವ ಆಯಿಲಿನ ಪೊರೆ. ಆ ಪೊರೆಗೆ ತಕ್ಕಷ್ಟು ದಪ್ಪವೂ ಬೇಕು, ನಿಲ್ಲದ ಹರಿವೂ ಬೇಕು. ಬಿಸಿಯನ್ನು ಹೊತ್ತುಕೊಂಡು ಹೋಗುವುದು ಆ ಹರಿವೇ. ಅಗತ್ಯಕ್ಕಿಂತ ದಪ್ಪ ಆಯಿಲ್ ಹಾಕಿದರೆ ಪೆಟ್ರೋಲೂ ಹೆಚ್ಚು ಹೋಗುತ್ತದೆ, 37 ಅಶ್ವಶಕ್ತಿಯ ಕಾರಿನ ಪಿಕಪ್ಪೂ ತಗ್ಗುತ್ತದೆ.

ಎಂಜಿನ್ ನಿಜಕ್ಕೂ ಸವೆದಿದೆಯೇ ಎಂದು ತಿಳಿಯಲು ಏನು ಮಾಡಬೇಕು? ಇಲ್ಲಿ ಅವಸರ ಬೇಡ. ಈ ಭಾಗವನ್ನೇ ನಾವು ಹೆಚ್ಚಾಗಿ ಹಾರಿಸಿಬಿಡುವುದು.

ಮೊದಲು ಡಿಪ್‌ಸ್ಟಿಕ್. ಆಯಿಲ್ ಬದಲಿಸಿದ ಮೇಲೆ ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಮಟ್ಟ ನೋಡಿ ಬರೆದಿಟ್ಟುಕೊಳ್ಳಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಜಾಗದಲ್ಲಿ ಮತ್ತೆ ನೋಡಿ. ಇನ್ನೂರು ಮುನ್ನೂರು ಎಂಎಲ್ ಇಳಿದಿದ್ದರೆ ವಯಸ್ಸಾದ ಎಂಜಿನ್ನಿಗೆ ಅದು ರೋಗವಲ್ಲ. ಅದೇ ಆಯಿಲನ್ನು ಸ್ವಲ್ಪ ಟಾಪ್‌ಅಪ್ ಮಾಡಿಕೊಂಡು ವರ್ಷಗಟ್ಟಲೆ ಓಡಿಸಬಹುದು. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು. ಮೂರು ಲೀಟರಿನ ಚೇಂಬರಿನಲ್ಲಿ ಒಂದು ಲೀಟರ್ ಹೋದರೆ ಉಳಿದ ಆಯಿಲ್ ಮೇಲೆ ಬೀಳುವ ಬಿಸಿಯ ಹೊರೆ ಎಷ್ಟೆಂದು ಲೆಕ್ಕ ಹಾಕಿ.

ಇಳಿದ ಆಯಿಲ್ ಎಲ್ಲಿ ಹೋಯಿತು? ರಾತ್ರಿ ಕಾರಿನ ಕೆಳಗೆ ರಟ್ಟಿನ ಹಾಳೆ ಹಾಸಿಟ್ಟರೆ ಅರ್ಧ ಉತ್ತರ ಸಿಗುತ್ತದೆ. ವಾಲ್ವ್ ಕವರಿನ ಗ್ಯಾಸ್ಕೆಟ್, ಕ್ಯಾಮ್‌ಶಾಫ್ಟಿನ ಸೀಲ್, ಡಿಸ್ಟ್ರಿಬ್ಯೂಟರಿನ ಬುಡ, ಕ್ರ್ಯಾಂಕಿನ ಹಿಂದಿನ ಸೀಲ್ ಹಳೆಯ ಕಾರುಗಳಲ್ಲಿ ಸೋರುವ ಜಾಗಗಳು. ರಬ್ಬರ್ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಸೀಲನ್ನೇ ಬದಲಿಸಬೇಕು. ದಪ್ಪ ಆಯಿಲ್ ಸೋರಿಕೆಯನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು. ಇನ್ನೊಂದು ಸಣ್ಣ ಭಾಗವನ್ನು ಬಹಳ ಮಂದಿ ಮರೆಯುತ್ತಾರೆ: ಪಿಸಿವಿ ವಾಲ್ವ್. ಎಂಜಿನ್ ಒಳಗೆ ಸೇರುವ ಆವಿಯನ್ನು ಹೊರಗೆಳೆಯುವ ಈ ವಾಲ್ವ್ ಅಥವಾ ಅದರ ಪೈಪು ಜಿಡ್ಡುಗಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ ಒಳ್ಳೆಯ ಸೀಲ್ ಮೂಲಕವೂ ಆಯಿಲ್ ಹೊರಬೀಳುತ್ತದೆ. ಎಂಜಿನ್ ಬಿಚ್ಚುವ ಮೊದಲು ಅಲ್ಪ ಖರ್ಚಿನ ಈ ಭಾಗವನ್ನು ತೆಗೆದು ನೋಡಿ ಎಂದು ಕೇಳಲು ಸಂಕೋಚಪಡಬೇಡಿ.

ಹೊರಗೆ ಸೋರದೆ ಒಳಗೇ ಉರಿಯುತ್ತಿದ್ದರೆ ಹೊಗೆ ನೀಲಿಯಾಗಿರುತ್ತದೆ. ಅದು ಯಾವಾಗ ಬರುತ್ತದೆ ಎಂಬುದು ಮುಖ್ಯ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ಸೆಂದು ಬಂದು ನಿಂತುಹೋದರೆ ವಾಲ್ವಿನ ಸೀಲುಗಳು ಗಟ್ಟಿಯಾಗಿವೆ. ಓಡುವಾಗ ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತೂ ಬರುತ್ತಿದ್ದರೆ ರಿಂಗು, ಬೋರಿನ ಮೇಲೆ ಅನುಮಾನ ಪಡಬೇಕು. ಆ ಅನುಮಾನ ಖಚಿತವಾಗಬೇಕಾದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆಸಿದರೆ ಪ್ರತಿ ಸಿಲಿಂಡರಿನ ಬಲ ತಿಳಿಯುತ್ತದೆ. ಒಂದರಲ್ಲಿ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಈಗ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅರ್ಧ ಗಂಟೆಯ ಕೆಲಸ. “ಎಂಜಿನ್ ಬೋರಿಗೆ ಬಂದಿದೆ” ಎಂಬ ತೀರ್ಪನ್ನು ಈ ಟೆಸ್ಟ್ ಇಲ್ಲದೆ ಒಪ್ಪಿಕೊಳ್ಳಬಾರದು. ಟ್ಯಾಪೆಟ್ ಸದ್ದು ಮಾತ್ರ ಇದ್ದರೆ ಮೊದಲು ವಾಲ್ವ್ ಕ್ಲಿಯರೆನ್ಸ್ ಸೆಟ್ ಮಾಡಿಸಬೇಕು. ದಪ್ಪ ಆಯಿಲ್ ಆ ಸದ್ದನ್ನು ಮುಚ್ಚಿಹಾಕುತ್ತದೆಯೇ ಹೊರತು ಸಂದನ್ನು ಸರಿಮಾಡುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರಂತೂ ಕೂಲಂಟ್ ಒಳಗೆ ನುಗ್ಗಿರಬಹುದು. ಹೆಡ್ ಗ್ಯಾಸ್ಕೆಟ್ ನೋಡಿಸುವವರೆಗೆ ಕಾರು ಓಡಿಸಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ರಿಂಗು, ಬೇರಿಂಗು ಸವೆದಿರುವುದು ಖಚಿತವಾಯಿತು, ಎಂಜಿನ್ ಕೆಲಸಕ್ಕೆ ಸದ್ಯ ಹಣವಿಲ್ಲ ಎಂದಿಟ್ಟುಕೊಳ್ಳಿ. ಆಗ 20ಡಬ್ಲ್ಯು-50 ಹಾಕುವುದರಲ್ಲಿ ತಪ್ಪಿಲ್ಲ. ಹಿಗ್ಗಿದ ಬೇರಿಂಗಿನಿಂದ ಆಯಿಲ್ ಬೇಗ ಜಾರಿಹೋಗದಂತೆ ಅದು ಸ್ವಲ್ಪ ಹಿಡಿದಿಡುತ್ತದೆ, ಕಾದಾಗ ಐಡ್ಲಿಂಗ್‌ನಲ್ಲಿ ಮಿನುಗುತ್ತಿದ್ದ ಕೆಂಪು ಆಯಿಲ್ ದೀಪ ಆರುತ್ತದೆ. ವರ್ಷವೋ ಎರಡು ವರ್ಷವೋ ತಳ್ಳಬಹುದು. ಗ್ಯಾರೇಜಿನ ಹಳೆಯ ಮಾತು ನಿಜವಾಗುವುದು ಇಲ್ಲಿಯೇ. ಒಂದು ದರ್ಜೆ ಮೇಲೆ ಹೋಗಿ, ಎರಡಲ್ಲ.

ಹಳೆಯದು ಎಂದಾಗ ಮಾರುತಿಯಲ್ಲ, ಅದಕ್ಕೂ ಹಿಂದಿನ ಪದ್ಮಿನಿ, ಅಂಬಾಸಿಡರ್ ಎಂದು ಅರ್ಥ ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಮೈಸೂರು, ಧಾರವಾಡದ ಹಳೆಯ ಬಡಾವಣೆಗಳಲ್ಲಿ ಟಾರ್ಪಾಲಿನ್ ಹೊದೆಸಿ ಕಾಪಾಡಿಕೊಂಡವರನ್ನು ಕಂಡರೆ ನನಗೆ ಗೌರವ. ಅವರ ಲೆಕ್ಕವೇ ಬೇರೆ. ಫಿಯೆಟ್ 1100ರಿಂದ ಬಂದ ಪದ್ಮಿನಿಯ 1089 ಸಿಸಿ ಎಂಜಿನ್, ಬ್ರಿಟನ್ನಿನ ಬಿಎಂಸಿಯಿಂದ ಬಂದ ಅಂಬಾಸಿಡರಿನ 1489 ಸಿಸಿ ಎಂಜಿನ್, ಎರಡೂ ಸಂದು ಧಾರಾಳವಾಗಿ ಬಿಟ್ಟು ಕಟ್ಟಿದ ಕಾಲದವು. ಇವುಗಳಿಗೆ 20ಡಬ್ಲ್ಯು-50 ಹೊಸದಾಗಿದ್ದಾಗಲೂ ಒಗ್ಗುತ್ತಿತ್ತು, ಈಗಲೂ ಒಗ್ಗುತ್ತದೆ. ಇಲ್ಲಿ ದಪ್ಪ ಆಯಿಲ್ ವಯಸ್ಸಿಗೆ ಕೊಟ್ಟ ಮದ್ದಲ್ಲ, ವಿನ್ಯಾಸ ಬೇಡಿದ ಆಹಾರ.

ಈ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಕೆಳಗಿರುತ್ತದೆ; ಚಪ್ಪಟೆ ತಳದ ಟ್ಯಾಪೆಟ್ ಅದರ ಉಬ್ಬಿನ ಮೇಲೆ ಉಜ್ಜಿಕೊಂಡೇ ಏರಿ ಇಳಿಯಬೇಕು. ಅಷ್ಟು ಒತ್ತಡದಲ್ಲಿ ಆಯಿಲಿನ ಪೊರೆ ಹಿಂಡಿಹೋಗುತ್ತದೆ. ಆಗ ಲೋಹವನ್ನು ಕಾಯುವುದು ಆಯಿಲಿನಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ. ಆಯಿಲಿನವರು ಇದನ್ನು ಝಡ್‌ಡಿಡಿಪಿ ಎನ್ನುತ್ತಾರೆ. 1940ರ ದಶಕದಿಂದ ಬಳಕೆಯಲ್ಲಿರುವ ಇದು ಬಿಸಿ ಮತ್ತು ಉಜ್ಜಾಟಕ್ಕೆ ಸಿಕ್ಕಿದಾಗ ಲೋಹದ ಮೇಲೆ ಗಾಜಿನಂಥ ತೆಳು ಪದರ ಕಟ್ಟುತ್ತದೆ; ಆ ಪದರ ಸವೆಯುತ್ತದೆ, ಲೋಹ ಉಳಿಯುತ್ತದೆ. ಕಷ್ಟ ಏನೆಂದರೆ ರಂಜಕ ಉರಿದು ಹೊಗೆಯ ಜೊತೆ ಹೋಗಿ, ಹೊಗೆಯನ್ನು ಶುಚಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ಕೆಡಿಸುತ್ತದೆ. ಅದಕ್ಕಾಗಿ ಹೊಸ ಮಾನದಂಡಗಳು 30 ಮತ್ತು ಅದಕ್ಕಿಂತ ತೆಳು ದರ್ಜೆಗಳಲ್ಲಿ ರಂಜಕವನ್ನು ಶೇ. 0.08ಕ್ಕೆ ಕಟ್ಟಿಹಾಕಿವೆ. 15ಡಬ್ಲ್ಯು-40, 20ಡಬ್ಲ್ಯು-50ರಂಥ ದಪ್ಪ ದರ್ಜೆಗಳಿಗೆ ಆ ಮೇಲ್ಮಿತಿ ಅನ್ವಯಿಸುವುದಿಲ್ಲ. ಪದ್ಮಿನಿಗೆ ಯಾರೋ ಪ್ರೀತಿಯಿಂದ ದುಬಾರಿ 5ಡಬ್ಲ್ಯು-30 ತಂದು ಹಾಕಿದರೆ ಎರಡು ಬಗೆಯ ನಷ್ಟ: ಬೇರಿಂಗಿಗೆ ತೆಳು, ಕ್ಯಾಮ್‌ಗೆ ಸತು ಕಡಿಮೆ. ನಮ್ಮಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದು 1995ರಲ್ಲಿ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ. ಅದಕ್ಕೆ ಹಿಂದಿನ ಕಾರಿಗೆ ಕಾಪಾಡಬೇಕಾದ ಕನ್ವರ್ಟರೇ ಇಲ್ಲ.

ಮಾರುತಿ 800ಕ್ಕೆ ಇದರ ಚಿಂತೆ ಅಷ್ಟಿಲ್ಲ. ಅದರ ಕ್ಯಾಮ್‌ಶಾಫ್ಟ್ ಮೇಲಿದೆ, ಸ್ಪ್ರಿಂಗುಗಳು ಹಗುರ. 40 ದರ್ಜೆಯ ಒಳ್ಳೆಯ ಆಯಿಲ್ ಹಾಕಿದರೆ ಸಾಕು.

ಡಬ್ಬಿಯ ಮೇಲೆ ದರ್ಜೆಯ ಜೊತೆಗೆ ಎಪಿಐ ಎಂಬ ಅಕ್ಷರಗಳು, ಅದರ ಮುಂದೆ ಎಸ್‌ಎಲ್, ಎಸ್‌ಎನ್, ಎಸ್‌ಪಿ ಎಂದಿರುತ್ತದೆ. ಇದು ದಪ್ಪದ ಅಳತೆಯಲ್ಲ, ಗುಣಮಟ್ಟದ್ದು. ಎಸ್ ಎಂದರೆ ಪೆಟ್ರೋಲ್ ಎಂಜಿನ್ನಿನದು, ಸಿ ಎಂದರೆ ಡೀಸೆಲ್ಲಿನದು. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸದು: ಎಸ್‌ಎಫ್ 1980ರದು, ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಕೈಪಿಡಿಯಲ್ಲಿ ಎಸ್‌ಎಫ್ ಎಂದು ಬರೆದಿದೆ, ಅದೇ ಬೇಕು ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಅಲೆಯುವವರಿದ್ದಾರೆ. ಬೇಕಿಲ್ಲ. ದರ್ಜೆ ಸರಿಯಿದ್ದರೆ ಎಸ್‌ಎನ್ ಅಥವಾ ಎಸ್‌ಪಿ ಆಯಿಲ್ ಕೊಳೆಯನ್ನು ಹಿಡಿದಿಡುವುದರಲ್ಲಿ, ಬಿಸಿಗೆ ಗಟ್ಟಿಯಾಗದಿರುವುದರಲ್ಲಿ ಹಳೆಯದಕ್ಕಿಂತ ಎಷ್ಟೋ ಮೇಲು. ಎಚ್ಚರ ಬೇಕಿರುವುದು ಇನ್ನೊಂದು ದಿಕ್ಕಿನಲ್ಲಿ. ಅಗ್ಗಕ್ಕೆ ಸಿಗುವ, ಎಪಿಐ ಅಕ್ಷರವನ್ನೇ ನಮೂದಿಸದ ಆಯಿಲ್ ಎಷ್ಟೇ ದಪ್ಪವಿದ್ದರೂ ಬೇಡ.

20ಡಬ್ಲ್ಯು-40 ಕಾರಿನ ಡಬ್ಬಿಯಲ್ಲಿ ಅಪರೂಪವಾಗುತ್ತಿರುವುದರಿಂದ ಬೈಕಿನ 4ಟಿ ಆಯಿಲನ್ನು ಸುರಿಯುವ ರೂಢಿ ಕೆಲವೆಡೆ ಇದೆ. ತುರ್ತಿಗೆ ಟಾಪ್‌ಅಪ್ ಮಾಡಿದರೆ ಎಂಜಿನ್ ಹಾಳಾಗುವುದಿಲ್ಲ, ಆದರೆ ಅದು ಕ್ಲಚ್ಚೂ ಆಯಿಲಿನಲ್ಲೇ ಮುಳುಗಿರುವ ಬೈಕಿಗೆಂದು ಮಾಡಿದ್ದು. ಕಾರಿಗೆ ಕಾರಿನದೇ 15ಡಬ್ಲ್ಯು-40 ತರುವುದು ಲೇಸು. ಲಾರಿ, ಟ್ರ್ಯಾಕ್ಟರುಗಳ 15ಡಬ್ಲ್ಯು-40 ಡೀಸೆಲ್ ಆಯಿಲ್ ಹಾಕಬಹುದೇ ಎಂದೂ ಕೇಳುತ್ತಾರೆ. ಡಬ್ಬಿಯ ಮೇಲೆ ಸಿಐ-4 ಜೊತೆಗೆ ಎಸ್‌ಎಲ್ ಎಂದೂ ಬರೆದಿದ್ದರೆ ಹಾಕಬಹುದು. ಕನ್ವರ್ಟರ್ ಇಲ್ಲದ ಹಳೆಯ ಕಾರಿಗೆ ಅದು ಒಳ್ಳೆಯದೇ, ಸತು ಹೆಚ್ಚಿರುತ್ತದೆ.

ಇನ್ನು ಸಿಂಥೆಟಿಕ್ ಪ್ರಶ್ನೆ. ಹಳೆಯ ಕಾರಿಗೆ ಫುಲ್ ಸಿಂಥೆಟಿಕ್ ಹಾಕಿದರೆ ಸೀಲು ಸೋರುತ್ತದೆ ಎಂಬ ಭಯ 1970ರ ದಶಕದ್ದು. ಆಗಿನ ಕೆಲವು ಸಿಂಥೆಟಿಕ್‌ಗಳು ರಬ್ಬರನ್ನು ಕುಗ್ಗಿಸುತ್ತಿದ್ದವು. ಈಗಿನ ತಯಾರಿಕೆಯಲ್ಲಿ ಅದನ್ನು ಸರಿದೂಗಿಸಿದ್ದಾರೆ. ಆದರೂ ಒಂದು ವಿಷಯ ನಿಜ: ಸವೆದ ಸೀಲಿನ ಬಿರುಕನ್ನು ಹಳೆಯ ಜಿಡ್ಡೇ ಮುಚ್ಚಿಕೊಂಡಿದ್ದರೆ, ಶುಚಿಗೊಳಿಸುವ ಗುಣ ಹೆಚ್ಚಿರುವ ಹೊಸ ಆಯಿಲ್ ಆ ಜಿಡ್ಡನ್ನು ಕರಗಿಸಿ ಸೋರಿಕೆಯನ್ನು ಬಯಲಿಗೆ ತರುತ್ತದೆ. ಸಿಂಥೆಟಿಕ್ ಎಂಬ ಮುದ್ರೆಗೂ ಒಂದು ಹಿನ್ನೆಲೆ ಇದೆ. 1999ರಲ್ಲಿ ಕ್ಯಾಸ್ಟ್ರಾಲ್ ವಿರುದ್ಧ ಮೊಬಿಲ್ ತಂದ ತಕರಾರಿನಲ್ಲಿ ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಮಂಡಳಿ, ಕಚ್ಚಾತೈಲವನ್ನೇ ಜಲಜನಕದಿಂದ ತೀವ್ರವಾಗಿ ಸಂಸ್ಕರಿಸಿದ ಮೂರನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದು ಎಂದಿತು. ಅಲ್ಲಿಂದ ಈ ಹೆಸರಿನ ವ್ಯಾಪ್ತಿ ಹಿಗ್ಗಿತು. ಸೆಮಿ ಸಿಂಥೆಟಿಕ್‌ನಲ್ಲಿ ಎಷ್ಟು ಪಾಲು ಸಿಂಥೆಟಿಕ್ ಇರಬೇಕು ಎಂಬ ನಿಶ್ಚಿತ ಪ್ರಮಾಣವೂ ಇಲ್ಲ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ 800ಕ್ಕೆ ಒಳ್ಳೆಯ ಮಿನರಲ್ ಆಯಿಲನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುವುದು, ಸಿಂಥೆಟಿಕ್ ಹಾಕಿ ಮೂರು ವರ್ಷ ಮರೆಯುವುದಕ್ಕಿಂತ ಎಷ್ಟೋ ಮೇಲು. ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಐಡ್ಲಿಂಗ್ ಮಾಡುವ ಕಾರಿಗೆ ಸೆಮಿ ಸಿಂಥೆಟಿಕ್ ಕೊಟ್ಟ ಹಣ ವ್ಯರ್ಥವಲ್ಲ.

ಕಿಲೋಮೀಟರ್ ಆಗಿಲ್ಲ, ಆಯಿಲ್ ಯಾಕೆ ಬದಲಿಸಬೇಕು ಎನ್ನುವವರಿಗೆ ಹೇಳಬೇಕಾದ ಮಾತು ಇದೆ. ನಿವೃತ್ತರ ಮನೆಯ ಕಾರು ತರಕಾರಿಗೆ, ದೇವಸ್ಥಾನಕ್ಕೆ, ಬ್ಯಾಂಕಿಗೆಂದು ಎರಡು ಮೂರು ಕಿಲೋಮೀಟರ್ ಹೋಗಿ ಬಂದು ನಿಲ್ಲುತ್ತದೆ. ಆಯಿಲ್ ಕಾಯಲು ಕೂಲಂಟಿಗಿಂತ ಹೆಚ್ಚು ಹೊತ್ತು ಬೇಕು. ಮೀಟರಿನ ಮುಳ್ಳು ನಡುಮಧ್ಯಕ್ಕೆ ಬಂದಾಗಲೂ ಚೇಂಬರಿನ ಆಯಿಲ್ ಬೆಚ್ಚಗಷ್ಟೇ ಇರುತ್ತದೆ. ಹಾಗಾಗಿ ಅದರಲ್ಲಿ ಸೇರಿದ ನೀರಿನ ಪಸೆಯೂ ಉರಿಯದ ಪೆಟ್ರೋಲೂ ಆವಿಯಾಗದೆ ಉಳಿದುಬಿಡುತ್ತವೆ. ಆಯಿಲ್ ಮುಚ್ಚಳ ತೆಗೆದರೆ ಒಳಮೈಗೆ ಕೆನೆಯಂಥದ್ದು ಅಂಟಿರುವುದು ಇದರಿಂದಲೇ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲೂ ಬಂದಿದೆ. ಅದರ ಶೇ. 20ರಷ್ಟು ಎಥನಾಲ್ ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು. ಕಾರ್ಬ್ಯುರೇಟರ್ ಕಾಲದ ಕಾರು ಅದಕ್ಕೆಂದು ಹುಟ್ಟಿದ್ದಲ್ಲ. ಅಂಥ ಕಾರಿಗೆ ಆಯಿಲ್ ಬದಲಿಸುವ ಅವಧಿಯನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಕು: ಆರು ತಿಂಗಳು, ತಪ್ಪಿದರೆ ಒಂದು ವರ್ಷ. ವಾರಕ್ಕೊಮ್ಮೆ ಅರ್ಧ ಗಂಟೆ ರಿಂಗ್ ರೋಡಿನಲ್ಲಿ ಓಡಿಸಿ ಬಂದರೆ ಆಯಿಲಿಗೂ ಬ್ಯಾಟರಿಗೂ ಒಳ್ಳೆಯದು.

ವರ್ಷಗಟ್ಟಲೆ ನೋಡದೆ ಬಿಟ್ಟ ಕಾರನ್ನು ಈಗ ಸರಿಮಾಡಲು ಹೊರಟಿದ್ದರೆ ಎಂಜಿನ್ ಫ್ಲಷ್ ಹಾಕಿಸಿಬಿಡೋಣ ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಒಮ್ಮೆಗೇ ಕಿತ್ತು ಬಂದ ಜಿಡ್ಡಿನ ಗಟ್ಟಿಗಳು ಚೇಂಬರಿನ ತಳದ ಜಾಲರಿಗೆ ಸಿಕ್ಕಿಕೊಂಡರೆ ಪಂಪಿಗೆ ಆಯಿಲ್ ಸಿಗುವುದಿಲ್ಲ. ಅದರ ಬದಲು ಸಾಧಾರಣ ಬೆಲೆಯ, ಸರಿಯಾದ ದರ್ಜೆಯ ಆಯಿಲ್ ಹಾಕಿ, ಫಿಲ್ಟರ್ ಬದಲಿಸಿ, ಸಾವಿರ ಕಿಲೋಮೀಟರಿಗೇ ಎರಡನ್ನೂ ಮತ್ತೆ ಬದಲಿಸಿ. ಇನ್ನೊಂದು ಸಲ ಹಾಗೆಯೇ ಮಾಡಿ. ಕೊಳೆ ನಿಧಾನವಾಗಿ ಆಯಿಲಿನ ಜೊತೆ ಹೊರಬರುತ್ತದೆ. ಫಿಲ್ಟರಿನಲ್ಲಿ ಮಾತ್ರ ಹಣ ಉಳಿಸಬೇಡಿ. ಒಳ್ಳೆಯ ಫಿಲ್ಟರಿನೊಳಗೆ ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಕಳಪೆಯದರಲ್ಲಿ ಅದು ಬೇಗ ಸೋಲುತ್ತದೆ, ದಿನಾ ಬೆಳಗ್ಗೆ ಎಂಜಿನ್ ಕೆಲವು ಕ್ಷಣ ಒಣಗಿಯೇ ಕಟಕಟ ಎನ್ನುತ್ತದೆ.

ಇದುವರೆಗೆ ಹೇಳಿದ್ದನ್ನು ಹತ್ತು ಹನ್ನೆರಡು ವರ್ಷದ ಸ್ವಿಫ್ಟ್, ಐ20ಗಳಿಗೆ ಹಾಗೆಯೇ ಅನ್ವಯಿಸಬಾರದು. ಅವು ಹಳೆಯವಾದರೂ ಎಂಜಿನ್ ತೆಳು ಆಯಿಲಿಗೆಂದೇ ಕಟ್ಟಿದ್ದು. ವಾಲ್ವ್ ತೆರೆಯುವ ಸಮಯವನ್ನು ಹಿಂದು ಮುಂದು ಮಾಡುವ ವಿವಿಟಿ ಇದ್ದರೆ ಆ ಕೆಲಸವನ್ನು ಸಣ್ಣ ರಂಧ್ರಗಳ ಮೂಲಕ ಮಾಡುವುದು ಆಯಿಲಿನ ಒತ್ತಡವೇ. ಟೈಮಿಂಗ್ ಚೈನನ್ನು ಬಿಗಿಹಿಡಿಯುವುದೂ ಅದೇ. ಅಲ್ಲಿಗೆ 20ಡಬ್ಲ್ಯು-50 ಸುರಿದರೆ ತಣ್ಣಗಿದ್ದಾಗ ಇವೆರಡೂ ತಡವರಿಸುತ್ತವೆ. ಕೈಪಿಡಿ 5ಡಬ್ಲ್ಯು-30 ಎಂದರೆ ಅದನ್ನೇ ಹಾಕಿ. ಕಾರು ಲಕ್ಷ ಕಿಲೋಮೀಟರ್ ದಾಟಿ ಆಯಿಲ್ ಸ್ವಲ್ಪ ಕುಡಿಯತೊಡಗಿದ್ದರೆ 5ಡಬ್ಲ್ಯು-40ರವರೆಗೆ ಹೋಗಬಹುದು.

ಕೊಳ್ಳುವಾಗ ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ ಬಿಲ್ಲು ಪಡೆದು ಕೊಳ್ಳಿ, ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಲೇಬಲ್ ಹರಿದು, ತಳಕ್ಕೆ ತೂತು ಕೊರೆದು ಗುಜರಿಗೆ ಹಾಕಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಆ ಅಸಲಿ ಡಬ್ಬಿಯೇ. ತೆಗೆದ ಹಳೆಯ ಆಯಿಲ್ ಏನಾಗುತ್ತದೆ ಎಂದೂ ಕೇಳಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿಯುವಂತಿಲ್ಲ, ಗೆದ್ದಲಿಗೆಂದು ಮನೆಯ ಕಂಬಕ್ಕೆ ಬಳಿಯುವುದೂ ಸರಿಯಲ್ಲ. ಅಧಿಕೃತ ಮರುಸಂಸ್ಕರಣದವರಿಗೆ ಹೋಗಬೇಕು. ಪೀಪಾಯಿಯಲ್ಲಿ ಸಂಗ್ರಹಿಸಿ ಅವರಿಗೆ ಕೊಡುವ ಗ್ಯಾರೇಜು ನಿಮ್ಮ ಊರಲ್ಲಿ ಯಾವುದು ಎಂದು ವಿಚಾರಿಸಿ, ಕಾರನ್ನು ಅಲ್ಲಿಗೇ ಬಿಡಿ.